ರೋಡ್ ಬೈಕಿನಲ್ಲೇ ನಾಲೆ ಏರಿ ಹತ್ತಿದೆ: ಗರಸು ರಸ್ತೆ, ಟೈರು, ಗಾಳಿ ಬಗ್ಗೆ ಬಲ್ಲವರು ಹೇಳಿ

ವರುಣಾ ದಾರಿ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ನನ್ನ ಭಾನುವಾರಗಳು ಒಂದೇ ಥರ. ಒಂದು ವಾರ ಚಾಮುಂಡಿ ಬೆಟ್ಟ, ಇನ್ನೊಂದು ವಾರ ನಂಜನಗೂಡು, ಮೈ ಭಾರ ಅನ್ನಿಸಿದ ದಿನ ರಿಂಗ್ ರಸ್ತೆಯಲ್ಲಿ ಒಂದು ಸುತ್ತು. ಯಾವ ಹಂಪ್ ಎಲ್ಲಿದೆ, ಯಾವ ಟೀ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೆ ಅನ್ನೋದೆಲ್ಲ ಬಾಯಿಪಾಠ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕುಗಳ ಕಾಟ. ಸಂಕ್ರಾಂತಿ ಆದ ಮೇಲಿನ ಭಾನುವಾರ ತಿ. ನರಸೀಪುರ ರಸ್ತೆಯಲ್ಲಿ ಹೋಗ್ತಾ ಇದ್ದೆ. ಹಿಂದೆ ಒಂದು ಟಿಪ್ಪರ್ ಹಾರನ್ ಒತ್ತುತ್ತಲೇ ಬಂತು. ವರುಣದ ಹತ್ತಿರ ತಲೆ ಕೆಟ್ಟು ಎಡಕ್ಕೆ ತಿರುಗಿದವನು ನಾಲೆ ಏರಿ ಹತ್ತಿಬಿಟ್ಟೆ.

ಟಾರು ಬಿಟ್ಟ ತಕ್ಷಣ ಸದ್ದು ಬದಲಾಯಿತು. ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಟೈರಿನ ಕೆಳಗೆ ಸಣ್ಣ ಕಲ್ಲು ಚಿಟಚಿಟ ಅನ್ನುತ್ತಾ ಇತ್ತು. ಒಂದು ಕಡೆ ನಾಲೆ ನೀರು, ಇನ್ನೊಂದು ಕಡೆ ತೆಂಗು, ಕಬ್ಬು, ಒಣಗಲು ಬಿಟ್ಟ ಹುಲ್ಲಿನ ಬಣವೆ. ಅರ್ಧ ಗಂಟೆಯಲ್ಲಿ ಎದುರಾದದ್ದು ಎರಡು ಎತ್ತಿನ ಗಾಡಿ, ಒಂದು ಟ್ರ್ಯಾಕ್ಟರ್. ಎಮ್ಮೆ ಮೈ ತೊಳೀತಿದ್ದ ಅಜ್ಜ ಒಬ್ಬರು “ಎತ್ತಗ್ ಒಂಟ್ರಿ ಸ್ವಾಮಿ” ಅಂದರು. ಎತ್ತಗೆ ಅಂತ ನನಗೇ ಗೊತ್ತಿರಲಿಲ್ಲ, ಅದೇ ಹಿತವಾಗಿತ್ತು.

ಈಗ ಕಷ್ಟದ ಭಾಗ. ನನ್ನದು ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ ಕವಲು ಅಂದರೆ ಫೋರ್ಕು ಕಾರ್ಬನ್ನಿನದು, ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕು. 25 ಎಂಎಂ ಟೈರಿನಲ್ಲಿ 95 ಪಿಎಸ್‌ಐ ಗಾಳಿ ಇತ್ತು. 14 ಕಿಲೋಮೀಟರ್ ದಾಟುವಷ್ಟರಲ್ಲಿ ಅಂಗೈ ಜೋಮು ಹಿಡಿಯಿತು, ಎರಡು ಪಂಚರ್ ಆಯಿತು. ಮೊದಲನೆಯದು ಮುಳ್ಳು. ಎರಡನೆಯದರಲ್ಲಿ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು.

ಮಣ್ಣು, ಜಲ್ಲಿ ರಸ್ತೆಗೆಂದೇ ಮಾಡಿದ ಹೊಸ ಗ್ರಾವೆಲ್ ಬೈಕ್ ಕೊಳ್ಳುವ ಯೋಚನೆ ಇಲ್ಲ, ಅಷ್ಟು ದುಡ್ಡೂ ಇಲ್ಲ. ಇರುವ ಸೈಕಲ್ಲಿನಲ್ಲೇ ತಿಂಗಳಿಗೆ ಎರಡು ಭಾನುವಾರ ಹೀಗೆ ಹೋಗಬಹುದಾ? ಸೈಕಲ್ಲಿಗೆ ಏನಾದರೂ ಹಾನಿಯಾ? ಮೈಸೂರು, ಮಂಡ್ಯ ಕಡೆಯ ಯಾವ ದಾರಿ ಇದಕ್ಕೆ ಆಗುತ್ತೆ?

ಬೆಟ್ಟದ ಮೆಟ್ಟಿಲು:

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರೋಡ್ ಬೈಕ್ ಅಂತ ಹೆಸರಿಟ್ಟಿರೋದೇ ರೋಡಿಗೆ. ಕಾರ್ಬನ್ ಫೋರ್ಕು ಅಂತೀರಿ, ಕಲ್ಲು ಹಾರಿ ಬಿದ್ದು ಸಣ್ಣ ಬಿರುಕು ಬಿಟ್ಟರೆ ಕಣ್ಣಿಗೆ ಕಾಣಲ್ಲ, ಒಂದು ದಿನ ಇಳಿಜಾರಿನಲ್ಲಿ ಮುರಿಯುತ್ತೆ. ಗುಡ್ಡಗಾಡಿಗೆ ಮಾಡಿದ ದಪ್ಪ ಟೈರಿನ ಎಂಟಿಬಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಅದನ್ನೇ ತಗೊಳ್ಳಿ.

ಸೈಕಲ್ ಮೇಷ್ಟ್ರು:

ಎಚ್ಚರಿಕೆ ಬೇಕು ಅನ್ನೋದನ್ನ ಒಪ್ಪುತ್ತೇನೆ. ಆದರೆ ರೋಡ್ ಬೈಕು ಮಣ್ಣು ರಸ್ತೆಗೆ ಹೊಸದೇನಲ್ಲ. ಟೂರ್ ಡಿ ಫ್ರಾನ್ಸ್ ಶುರುವಾದ 1903ರಲ್ಲಿ ಈಗಿನಂಥ ಟಾರು ರಸ್ತೆ ಎಲ್ಲಿತ್ತು? ಇಟಲಿಯ ಟಸ್ಕನಿಯಲ್ಲಿ ಸ್ಟ್ರಾಡೆ ಬಿಯಾಂಕೆ ಅಂತ ಒಂದು ರೇಸು 2007ರಿಂದ ನಡೀತಿದೆ. ಆ ಹೆಸರಿಗೆ ಬಿಳಿ ರಸ್ತೆಗಳು ಅಂತಲೇ ಅರ್ಥ. ಸುಣ್ಣಕಲ್ಲಿನ ಜಲ್ಲಿ ರಸ್ತೆ, ಮೇಲೆ ಹಿಟ್ಟಿನಂಥ ದೂಳು. ಅಲ್ಲಿ ದೊಡ್ಡ ದೊಡ್ಡ ಸವಾರರೆಲ್ಲ ರೋಡ್ ಬೈಕಿನಲ್ಲೇ ಓಡಿಸೋದು, ಟೈರು ಮಾತ್ರ ಸ್ವಲ್ಪ ಅಗಲದ್ದು. ಗ್ರಾವೆಲ್ ಅಂತ ಬೇರೆ ವಿಶ್ವ ಚಾಂಪಿಯನ್‌ಷಿಪ್ ಬಂದದ್ದು 2022ರಲ್ಲಿ. ಅಮೆರಿಕದ ಕ್ಯಾನ್ಸಸ್ಸಿನ 200 ಮೈಲಿ ರೇಸು 2006ರಲ್ಲಿ ಶುರುವಾದಾಗಲೂ ಜನ ಕೈಗೆ ಸಿಕ್ಕ ಸೈಕಲ್ಲಿನಲ್ಲೇ ಹೊರಟವರು.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಕಪ್ಪು ಅಟ್ಲಾಸ್ ಇನ್ನೂ ಇದೆ. 28 ಇಂಚು, ಒಂದೂವರೆ ಇಂಚಿನ ಟೈರು. ಒಂದೂವರೆ ಇಂಚು ಅಂದರೆ ಸುಮಾರು 38 ಎಂಎಂ. ಈಗ ಗ್ರಾವೆಲ್ ಟೈರು ಅಂತ ಮಾರುವುದು 35ರಿಂದ 45 ಎಂಎಂ! ಹಾಲಿನ ಕ್ಯಾನು ಕಟ್ಟಿಕೊಂಡು, ಹಿಂದೆ ಹುಲ್ಲಿನ ಹೊರೆ ಹೇರಿಕೊಂಡು ಇದೇ ನಾಲೆ ಏರಿ ಮೇಲೆ ಐವತ್ತು ವರ್ಷ ಓಡಾಡಿದ ಸೈಕಲ್ಲಿನ ಅಳತೆ ಅದು. ಮಣ್ಣು ರಸ್ತೆಗೆ ಯಾವ ಅಗಲ ಬೇಕು ಅಂತ ನಮ್ಮ ರೈತರಿಗೆ ಯಾವತ್ತೋ ಗೊತ್ತಿತ್ತು. ನನಗೆ ಇದರ ಬಗ್ಗೆ ನಿಜವಾಗಿ ಹೆಮ್ಮೆ ಇದೆ.

ನಿಮ್ಮ ಎರಡನೇ ಪಂಚರಿಗೆ ಕಾರಣ: ಚಕ್ರ ಕಲ್ಲಿನ ಅಂಚಿಗೆ ಬಡಿದಾಗ ಟೈರು ಪೂರ್ತಿ ಅಮುಕಿ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು, ರಿಮ್ಮಿನ ಎರಡು ಅಂಚೂ ಕಚ್ಚುತ್ತವೆ. ಹಾಗಂತ ಗಾಳಿ ಇನ್ನೂ ಏರಿಸಿದರೆ ಸೈಕಲ್ಲು ಕಲ್ಲಿಂದ ಕಲ್ಲಿಗೆ ಪುಟಿಯುತ್ತೆ, ಕೈ ಜೋಮು ಹಿಡಿಯುತ್ತೆ, ತಿರುವಿನಲ್ಲಿ ಹಿಡಿತ ಸಿಗಲ್ಲ. ಟೈರು ಅಗಲ ಮಾಡಿ, ಆಮೇಲೆ ಗಾಳಿ ಇಳಿಸಿ. ಈ ಕ್ರಮ ತಪ್ಪಬೇಡಿ.

ಸ್ಪೋಕ್ ಕಟ್ಟುವವನು:

ನಾನು ದಿನಾ ಚಕ್ರ ಕಟ್ಟೋನು, ಎರಡು ಮಾತು.

ಹಳೇ ರಿಮ್ ಬ್ರೇಕ್ ರೋಡ್ ಬೈಕಿನಲ್ಲಿ ಅಗಲ ನಿರ್ಧರಿಸೋದು ಬ್ರೇಕು. ಕೆಲವಕ್ಕೆ 28 ಹಿಡಿಸುತ್ತೆ, ಕೆಲವಕ್ಕೆ 25ಕ್ಕೇ ಮುಗೀತು. ಡಿಸ್ಕ್ ಬ್ರೇಕಿನವಕ್ಕೆ 30, 32 ಕೂಡ ಹೋಗುತ್ತೆ. ಅಂಗಡಿಯವನ ಮಾತು ನಂಬಬೇಡಿ, ನನ್ನ ಮಾತೂ ನಂಬಬೇಡಿ. 4 ಎಂಎಂ ಅಲೆನ್ ಕೀ ತಗೊಳ್ಳಿ. ಟೈರಿಗೆ ಗಾಳಿ ತುಂಬಿ, ಚಕ್ರ ತಿರುಗಿಸಿ, ಫೋರ್ಕಿನ ಮೇಲ್ಭಾಗ, ಬ್ರೇಕಿನ ಕೆಳಗೆ, ಪೆಡಲ್ ಹಿಂದಿನ ಎರಡು ಕಂಬಿಗಳ ನಡುವೆ, ಎಲ್ಲ ಕಡೆ ಆ ಕೀ ಸಲೀಸಾಗಿ ನುಗ್ಗಬೇಕು. ನುಗ್ಗಲಿಲ್ಲ ಅಂದರೆ ಆ ಟೈರು ನಿಮ್ಮ ಸೈಕಲ್ಲಿಗಲ್ಲ. ಟೈರಿನ ಮೇಲೆ 28 ಅಂತ ಬರೆದಿದ್ದರೂ ರಿಮ್ಮು ಅಗಲ ಇದ್ದರೆ ಅದು 30 ಆಗಿ ಕೂರುತ್ತೆ, ಅದಕ್ಕೇ ಗಾಳಿ ತುಂಬಿ ಅಳೀಬೇಕು.

ಬೆಟ್ಟದ ಮೆಟ್ಟಿಲು ಅವರು ಹೇಳಿದ ಕಲ್ಲೇಟಿನ ವಿಚಾರ ನಿಜ. ಫ್ರೇಮಿನ ಕೆಳಗಿನ ಕಂಬಿಗೆ ಹಳೇ ಟ್ಯೂಬು ಸೀಳಿ ಸುತ್ತಿ, ಎರಡು ಕಡೆ ಜಿಪ್ ಟೈ ಹಾಕಿ. ಚೈನು ಬಡಿಯುವ ಬಲಗಡೆ ಕಂಬಿಗೂ ಹಾಗೇ. ಮನೆಗೆ ಬಂದು ತೊಳೆದಾಗ ಫೋರ್ಕನ್ನು ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ. ಮೇಲ್ಮೈಯಲ್ಲಿ ಬಿರುಕು ಇದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಂಡರೆ ಆ ಫೋರ್ಕಿನಲ್ಲಿ ಮುಂದೆ ಒಂದು ಕಿಲೋಮೀಟರೂ ಹೋಗಬೇಡಿ.

ವರುಣಾ ದಾರಿ:

ಈ ಅಲೆನ್ ಕೀ ವಿಚಾರ ಹಿಂದೆಯೇ ಗೊತ್ತಿದ್ದರೆ ನನ್ನ ಸ್ನೇಹಿತನ ಫ್ರೇಮು ಉಳೀತಿತ್ತು. ಒಂದು ಅಂಗಡಿಯಲ್ಲಿ “32 ಹಾಕ್ಕೊಳ್ಳಿ, ಏನೂ ಆಗಲ್ಲ” ಅಂದರು. ಒಣ ರಸ್ತೆಯಲ್ಲಿ ಏನೂ ಆಗಲಿಲ್ಲ. ಒಂದು ದಿನ ಒದ್ದೆ ಮಣ್ಣಿನಲ್ಲಿ ಹತ್ತು ನಿಮಿಷ ಓಡಿಸಿದ್ದಕ್ಕೆ ಟೈರಿಗೆ ಅಂಟಿದ ಮಣ್ಣು ಮರಳು ಕಾಗದದ ಹಾಗೆ ಉಜ್ಜಿ ಬಣ್ಣ ಹೋಗಿ ಲೋಹ ಕಾಣಿಸಿತು.

ಪಾಂಡವಪುರದವನು:

ಅಣ್ಣ, ಟೈರು ಆಮೇಲೆ. ಮೊದ್ಲು ಮಣ್ಣು ನೋಡೋದು ಕಲೀರಿ.

ನಮ್ ಕಡೆ ಕೆಂಪು ಮಣ್ಣು ಇರೋ ಕಡೆ ಗರಸು ಹೊಡ್ದಿರ್ತಾರೆ, ಅದು ಮಳೆ ಬಂದು ಒಂದಿನ ಬಿಸ್ಲು ಕಾಯ್ದ್ರೆ ಸಿಮೆಂಟ್ ಆದಂಗ್ ಗಟ್ಟಿ ಆಯ್ತದೆ. ರೋಡ್ ಬೈಕ್ಗೆ ಹೇಳಿ ಮಾಡ್ಸಿದ್ದು. ಎರೆ ಮಣ್ಣು ಇರೋ ಕಡೆ ಒಂದು ಹದ ಮಳೆ ಬಿದ್ರೂ ಕಾಲಿಡ್ಬೇಡಿ. ಹೋದ್ ವರ್ಷ ಆಗಸ್ಟಲ್ಲಿ ಸೋನೆ ನಿಂತ ಮಾರನೇ ದಿನ ನಾನು ಹೊಂಟಿದ್ದೆ. ಗದ್ದೆ ಬದಿಲಿ ನಿಂತಿದ್ದ ಅಜ್ಜಿ ಅಂದ್ಳು, “ಓಗ್ಬ್ಯಾಡ ಕಣ್ಲಾ ಮಗ, ಸೈಕಲ್ಲು ನಿನ್ನ ಒತ್ಕಂಡ್ ಓಯ್ತದೆ, ಬರುವಾಗ ನೀನು ಸೈಕಲ್ ಒತ್ಕಂಡ್ ಬತ್ತೀಯ.” ಮಾತು ಕೇಳ್ಲಿಲ್ಲ. ಇನ್ನೂರು ಗಜ ಹೋಗೋವಷ್ಟ್ರಲ್ಲಿ ಬ್ರೇಕಿನೊಳಗೆ ಮಣ್ಣು ಮೆತ್ತಿ ಚಕ್ರ ತಿರುಗ್ದಂಗಾಯ್ತು, ಪೆಡಲ್ಗೆ ಸಿಕ್ಕಿಸೋಕೆ ಬೂಟಿನಡಿ ಇರೋ ಕ್ಲೀಟಿಗೆ ಮಣ್ಣು ತುಂಬಿ ಪೆಡಲ್ ಹಿಡೀಲಿಲ್ಲ. ಒಂದೂವರೆ ಕಿಲೋಮೀಟ್ರು ಹೆಗಲ ಮೇಲೆ ಹೊತ್ಕೊಂಡ್ ಬಂದೆ. ವಾಪಸ್ ಬರುವಾಗ ಅಜ್ಜಿ ಚೊಂಬಲ್ಲಿ ನೀರು ಕೊಟ್ಟು ಕಡ್ಡೀಲಿ ಮಣ್ಣು ಕೆದಕಿ ಕೊಟ್ಳು.

ಸಂಕ್ರಾಂತಿಯಿಂದ ಯುಗಾದಿವರೆಗೆ ಒಳ್ಳೆ ಕಾಲ. ಆದ್ರೆ ಈಗ ಒಂದು ಅಪಾಯ ಐತೆ, ಯಾರೂ ಬರ್ದಿಲ್ಲ. ಹುರುಳಿ ಒಕ್ಕಣೆ. ರಸ್ತೆ ಮ್ಯಾಲೆ ಹುರುಳಿ ಬಳ್ಳಿ ಹಾಸಿರ್ತಾರೆ, ಗಾಡಿ ಓಡಾಡಿ ಕಾಳು ಉದುರ್ಲಿ ಅಂತ. ಕಾರಿಗೆ ಏನೂ ಆಗಲ್ಲ. ಸೈಕಲ್ಲಿಗೆ ಆ ಬಳ್ಳಿ ಹಿಂದಿನ ಗೇರ್ ಚಕ್ರಕ್ಕೆ ಸುತ್ಕೊಂಡು, ಗೇರ್ ಬದಲಿಸೋ ಡಿರೇಲರ್ನ ಸ್ಪೋಕೊಳಕ್ಕೆ ಎಳ್ಕೊತ್ತದೆ. ಡಿರೇಲರ್ ತಗಲಾಕೋ ನನ್ನ ಹ್ಯಾಂಗರ್ ಹಂಗೇ ಮುರೀತು. ಬಳ್ಳಿ ಕಂಡ್ರೆ ಇಳ್ದು ಸೈಕಲ್ ಎತ್ಕೊಂಡ್ ದಾಟಿ. ಒಕ್ಕಣೆ ಮಾಡೋರ್ಗೂ ಖುಷಿ ಆಯ್ತದೆ, ಅವ್ರ ಬೆಳೆ ತುಳೀಲಿಲ್ವಲ್ಲ ಅಂತ.

ಬೆಳಗಿನ ಜಾವ:

ಮಂಡ್ಯದಿಂದ ಬರೀತಿದ್ದೀನಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ನಾಲ್ಕು ವರ್ಷದಿಂದ ಓಡಿಸ್ತಿದ್ದೀನಿ. ಖುಷಿಯ ವಿಚಾರ ನೀವೆಲ್ಲ ಹೇಳಿದಿರಿ, ನಾನು ಭಯದ ವಿಚಾರ ಹೇಳಬೇಕು.

2018ರ ನವೆಂಬರ್ 24ನೇ ತಾರೀಖು ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ಆಮೇಲೂ ಕಾರುಗಳು ಬಿದ್ದಿವೆ. ಎಷ್ಟೋ ಕಡೆ ಇವತ್ತಿಗೂ ತಡೆಗೋಡೆ ಇಲ್ಲ. ಬಸ್ಸಿಗೇ ಹಾಗಾದರೆ ಸೈಕಲ್ಲು ಯಾವ ಲೆಕ್ಕ? ಸಿಮೆಂಟ್ ಲೈನಿಂಗ್ ಮಾಡಿರೋ ಕಡೆ ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿರುತ್ತೆ. ಈಜು ಬರೋರಿಗೂ ಹತ್ತೋಕೆ ಹಿಡಿತ ಸಿಗಲ್ಲ. ಏರಿ ಮೇಲೆ ಯಾವಾಗಲೂ ಹೊಲದ ಬದಿಯ ಜಾಡು ಹಿಡೀರಿ. ಟ್ರ್ಯಾಕ್ಟರ್ ಬಂದರೆ ನಾಲೆ ಕಡೆ ಸರಿಯಬೇಡಿ, ಹೊಲದ ಕಡೆ ಇಳಿದು ನಿಂತುಬಿಡಿ. ಕ್ಲೀಟ್ ಹಾಕೋರು ಏರಿ ಮೇಲೆ ಒಂದು ಕಾಲನ್ನಾದರೂ ಬಿಡಿಸಿಕೊಂಡಿರಿ. ನಾನು ಸಾದಾ ಪೆಡಲ್ಲೇ ಹಾಕಿದ್ದೀನಿ.

ನೀರು ಬಿಟ್ಟಿರೋ ದಿನ ಯಾವುದು ಅಂತ ನೀರುಗಂಟಿಗಳನ್ನ ಕೇಳಿದರೆ ಹೇಳ್ತಾರೆ. ಕಟ್ಟು ನೀರು ಪದ್ಧತಿ ಇದ್ದಾಗ ಕೆಲವು ದಿನ ನಾಲೆ ತುಂಬಾ, ಕೆಲವು ದಿನ ಖಾಲಿ. ಒಬ್ಬಳೇ ಹೋಗುವ ದಿನ ನಾನು ಖಾಲಿ ನಾಲೆಯ ದಿನವನ್ನೇ ಆರಿಸಿಕೊಳ್ತೀನಿ.

ಇನ್ನೊಂದು ಚಿರತೆ. ಕಬ್ಬಿನ ಗದ್ದೆ ಚಿರತೆಗೆ ಮನೆ ಇದ್ದ ಹಾಗೆ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಜನ ಸತ್ತದ್ದು ನಿಮಗೆಲ್ಲ ನೆನಪಿರುತ್ತೆ. ನನ್ನ ಹೆಸರು ಬೆಳಗಿನ ಜಾವ ಅಂತ ಇದ್ದರೂ ಏರಿ ಹತ್ತೋದು ಪೂರ್ತಿ ಬೆಳಕು ಹರಿದ ಮೇಲೆ, ಸಂಜೆ ಐದರೊಳಗೆ ಟಾರಿಗೆ ವಾಪಸ್.

ಬೆಟ್ಟದ ಮೆಟ್ಟಿಲು:

ಈ ಮಾತು ಬಹಳ ಮುಖ್ಯ ಅಕ್ಕ. ಇದನ್ನ ಎಲ್ಲಕ್ಕಿಂತ ಮೇಲೆ ಹಾಕಬೇಕು.

ಸೈಕಲ್ ಮೇಷ್ಟ್ರು:

ಹೌದು. ಅವರ ಮಾತನ್ನ ಇಟ್ಟುಕೊಂಡೇ ದಾರಿ ಹೇಳ್ತೀನಿ.

ನಾಲೆ ಏರಿಯ ಒಂದು ಗುಣ ಹೊಸಬರಿಗೆ ಗೊತ್ತಿರಲಿ: ಅಲ್ಲಿ ಏರಿಳಿತ ಇಲ್ಲ. ನೀರು ತಾನಾಗೇ ಹರಿಯಬೇಕಾದ್ದರಿಂದ ನೆಲದ ಮಟ್ಟ ಹಿಡಿದು, ಗುಡ್ಡ ಬಳಸಿ, ತೀರಾ ಕಡಿಮೆ ಇಳಿಜಾರಿನಲ್ಲಿ ತೋಡಿರ್ತಾರೆ. ಹಾಗಾಗಿ ಮುಂದೆ 50 ಮತ್ತು 34 ಹಲ್ಲಿನ ಗೇರು, ಹಿಂದೆ 11ರಿಂದ 28 ಹಲ್ಲಿನ ಗೇರು ಇರುವ ಸಾಮಾನ್ಯ ರೋಡ್ ಬೈಕಿಗೆ ಗೇರಿನ ತೊಂದರೆಯೇ ಬರಲ್ಲ. ಕನ್ನಂಬಾಡಿಯ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಹತ್ತಿರ ಸುರಂಗದೊಳಗೆ ಹೋಗುತ್ತೆ, ಅಲ್ಲಿ ಏರಿ ಹಿಡಿದು ಬಂದವರು ಊರ ರಸ್ತೆಗೆ ಇಳಿಯಲೇಬೇಕು. ಇಂಥ ಕೆಲಸವನ್ನ ನೂರು ವರ್ಷದ ಹಿಂದೆ ಮಾಡಿದ್ದಾರೆ ಅಂತ ಅಲ್ಲಿ ನಿಂತು ನೋಡಿದಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತೆ.

ಮೊದಲ ಸಲಕ್ಕೆ ನೀರಿನ ಅಂಚೇ ಬೇಡ ಅನ್ನೋರು ಮೈಸೂರಿನಿಂದ ಸಿದ್ದಲಿಂಗಪುರ, ನಾಗನಹಳ್ಳಿ ಕಡೆಯಿಂದ ಶ್ರೀರಂಗಪಟ್ಟಣ ಸೇರಿ ಕರಿಘಟ್ಟದ ತಪ್ಪಲು ನೋಡಿ ಬನ್ನಿ. ಹೆಚ್ಚು ಭಾಗ ಟಾರು, ನಡುನಡುವೆ ಮಣ್ಣು. ಬೇಡ ಅನ್ನಿಸಿದರೆ ಐದು ನಿಮಿಷದಲ್ಲಿ ಟಾರಿಗೆ ಬರಬಹುದು. ತೊಣ್ಣೂರು ಕೆರೆ ಕಡೆ ಹೋಗೋರು ಬಿಸಿಲೇರುವ ಮೊದಲೇ ಹೊರಡಿ, ನೆರಳು ಕಡಿಮೆ. ಮೇಲುಕೋಟೆ ಗುಡ್ಡದ ಅಡ್ಡದಾರಿಗಳಲ್ಲಿ ಚೂಪು ಕಲ್ಲು, 28 ಎಂಎಂ ಟೈರಿಗೆ ನಾನು ಹೇಳಲ್ಲ.

ಪಾಂಡವಪುರದವನು:

ಮೇಷ್ಟ್ರೇ, ಆ ಮ್ಯಾಲುಕೋಟೆ ಕಲ್ಲಿಗೆ ನನ್ನ ಎರಡು ಟೈರು ಹೋಗವೆ. ಹೇಳಿದ್ದು ಒಳ್ಳೇದಾಯ್ತು.

ಬೆಳಗಿನ ಜಾವ:

ಮುಳ್ಳಿನ ಬಗ್ಗೆ ಯಾರಾದರೂ ಹೇಳಿ. ನನಗೆ ಕಲ್ಲಿಗಿಂತ ಮುಳ್ಳಿನ ಪಂಚರೇ ಜಾಸ್ತಿ.

ಸ್ಪೋಕ್ ಕಟ್ಟುವವನು:

ಎರಡು ಥರ ಇದೆ ಮೇಡಂ. ಜಾಲಿ ಮುಳ್ಳು ಉದ್ದ, ಚುಚ್ಚಿದ್ದು ಕಣ್ಣಿಗೆ ಕಾಣುತ್ತೆ. ಬೇಲಿ ಸವರಿದ ಮಾರನೇ ದಿನ ಆ ದಾರಿ ಬೇಡ. ನೆಗ್ಗಿಲು ಮುಳ್ಳು ಮೋಸ. ನೆಲಕ್ಕೆ ಅಂಟಿ ಹಬ್ಬಿರುತ್ತೆ, ಹಳದಿ ಪುಟ್ಟ ಹೂ. ಕಾಯಿ ಒಣಗಿದ ಮೇಲೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತೆ. ಸೈಕಲ್ ಪಕ್ಕಕ್ಕೆ ಹುಲ್ಲಿನ ಮೇಲೆ ಒರಗಿಸಿ ಎಳನೀರು ಕುಡಿದು ಬರ್ತೀರಲ್ಲ, ಆಗ ಹತ್ತಿಕೊಳ್ಳೋದು. ಹೊರಡೋಕೆ ಮುಂಚೆ ಎರಡೂ ಚಕ್ರ ತಿರುಗಿಸಿ ಟೈರಿನ ಮೇಲೆ ಬೆರಳು ಆಡಿಸಿ, ಆಮೇಲೆ ಹತ್ತಿ.

ಹಳ್ಳಿಯಲ್ಲಿ ಪಂಚರ್ ಆದರೆ ಏನು ಸಿಗುತ್ತೆ, ಏನು ಸಿಗಲ್ಲ ತಿಳ್ಕೊಳ್ಳಿ. ಸೊಲ್ಯೂಷನ್, ಪ್ಯಾಚು, ಟೈರು ಸೀಳಿದರೆ ಒಳಗಿಡೋ ಗೇಟರು, ಇವು ಯಾವ ಸೈಕಲ್ ಶಾಪಿನಲ್ಲೂ ಸಿಗುತ್ತೆ, ಕೆಲಸವೂ ಅಚ್ಚುಕಟ್ಟು. ಸಿಗದೇ ಇರೋದು ನಿಮ್ಮ ಟ್ಯೂಬು, ನಿಮ್ಮ ಟೈರು. ಹಳೇ 28 ಇಂಚಿನ ರಿಮ್ಮಿನ ಅಳತೆ 635 ಎಂಎಂ, ರೋಡ್ ಬೈಕಿನ 700ಸಿ ರಿಮ್ಮು 622. ಎರಡನ್ನೂ 28 ಇಂಚು ಅಂತಾರೆ, ಟೈರು ಮಾತ್ರ ಒಂದಕ್ಕೊಂದು ಕೂರಲ್ಲ. ಹಳ್ಳಿಯಲ್ಲಿ ಸಿಗೋ ಟ್ಯೂಬಿನ ವಾಲ್ವು ದಪ್ಪ, ನಿಮ್ಮ ರಿಮ್ಮಿನ ತೂತಿಗೆ ಇಳಿಯಲ್ಲ. ಆದ್ದರಿಂದ ಎರಡು ಟ್ಯೂಬು, ಎರಡು ಟೈರ್ ಲಿವರು, ಒಂದು ಕೈ ಪಂಪು. ಜೊತೆಗೆ ನಿಮ್ಮ ಟ್ಯೂಬಿನ ತೆಳು ವಾಲ್ವಿಗೆ, ಅದನ್ನ ಪ್ರೆಸ್ಟಾ ಅಂತಾರೆ, ಹಾಕೋ ಹಿತ್ತಾಳೆ ಅಡಾಪ್ಟರು. ಕಡಲೆಕಾಳಿನಷ್ಟು ಇರುತ್ತೆ, ಅದೊಂದಿದ್ದರೆ ಯಾವ ಬೈಕ್ ಪಂಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ಕಂಪ್ರೆಸರಿನವರಿಗೆ ಸ್ವಲ್ಪ ಸ್ವಲ್ಪ ಬಿಡಿ ಅನ್ನಿ, ಟ್ಯೂಬು ಸಣ್ಣದು, ಕ್ಷಣದಲ್ಲಿ ಒಡೆಯುತ್ತೆ.

ವರುಣಾ ದಾರಿ:

ಎರಡು ವಾರ ಆಯಿತು, ವರದಿ ಒಪ್ಪಿಸ್ತಿದ್ದೀನಿ.

28 ಎಂಎಂ ಟೈರು ಹಾಕಿಸಿದೆ. ಅಲೆನ್ ಕೀ ಮುಂದೆ ಸಲೀಸಾಗಿ ಹೋಯಿತು, ಹಿಂದೆ ಬ್ರೇಕಿನ ಕೆಳಗೆ ಸ್ವಲ್ಪ ಬಿಗಿ. ಆದ್ದರಿಂದ ಹಿಂದೆ 25ನ್ನೇ ಉಳಿಸಿ ಮುಂದೆ ಮಾತ್ರ 28. ನನ್ನ ತೂಕ 66 ಕೆಜಿ. ಮುಂದೆ 62, ಹಿಂದೆ 80 ಪಿಎಸ್‌ಐ. ಮೊದಲ ಹತ್ತು ನಿಮಿಷದಲ್ಲೇ ಅಂಗೈ ಹೇಳಿತು, ಇದು ಬೇರೆ ಸೈಕಲ್ಲು ಅಂತ. ಹ್ಯಾಂಡಲ್ಲನ್ನ ಗಟ್ಟಿ ಹಿಡಿಯದೆ ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿದರೆ ಮುಂದಿನ ಚಕ್ರ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತೆ. ಒಂದು ಕಡೆ ಸಡಿಲ ಮರಳು ಬಂತು. ಹೆದರಿ ಮುಂದಿನ ಬ್ರೇಕು ಹಿಡಿದೆ, ಚಕ್ರ ಅಡ್ಡಕ್ಕೆ ತಿರುಗಿ ಮೊಣಕಾಲು ತರಚಿತು. ಎರಡನೇ ಸಲ ಅಂಥದೇ ಜಾಗದಲ್ಲಿ ಬ್ರೇಕು ಮುಟ್ಟದೆ, ಸೀಟಿನಲ್ಲಿ ಹಿಂದೆ ಕೂತು, ಪೆಡಲ್ ನಿಲ್ಲಿಸದೆ ತುಳಿದೆ. ದಾಟಿತು.

ಗಾಡಿ ಜಾಡಿನ ಮಧ್ಯೆ ಬೆಳೆದ ಹುಲ್ಲಿನ ಪಟ್ಟಿ ಮೆತ್ತಗಿರುತ್ತೆ ಅಂದುಕೊಂಡು ಅದರ ಮೇಲೆ ಹೋಗಬೇಡಿ, ಹುಲ್ಲಿನ ಕೆಳಗೆ ಕಲ್ಲು ಅಡಗಿರುತ್ತೆ. ಚಕ್ರ ಸವೆಸಿದ ಜಾಡೇ ಗಟ್ಟಿ.

ಬರುವಾಗ ಒಂದು ಆಲೆಮನೆ ಹತ್ತಿರ ನಿಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ಇತ್ತು. ನೊರೆ ತೆಗೀತಿದ್ದವರು ನನ್ನ ಮೊಣಕಾಲು ನೋಡಿ ಒಳಗೆ ಕರೆದು ಕೂರಿಸಿದರು, ಗಾಯ ತೊಳೆಯೋಕೆ ಬಿಸಿನೀರು ಕೊಟ್ಟರು, ಆಮೇಲೆ ಅಂಗೈ ಮೇಲೆ ಬಿಸಿ ಬೆಲ್ಲ. ಮುತ್ತುಗದ ಎಲೆಯಲ್ಲಿ ಇನ್ನಷ್ಟು ಕಟ್ಟಿ ಜರ್ಸಿಯ ಹಿಂದಿನ ಜೇಬಿಗೆ ಅವರೇ ತುರುಕಿದರು. ಮೂರು ವರ್ಷ ಹೆದ್ದಾರಿಯಲ್ಲಿ ಓಡಿಸಿದ್ದೀನಿ, ಒಂದು ದಿನವೂ ಯಾರೂ ನನ್ನನ್ನ ಒಳಗೆ ಬನ್ನಿ ಅಂದಿರಲಿಲ್ಲ.

ಪಂಚರ್ ಒಂದೂ ಇಲ್ಲ. 31 ಕಿಲೋಮೀಟರು, ಅದರಲ್ಲಿ ಮಣ್ಣು 17.

ಪಾಂಡವಪುರದವನು:

ಹಿಂದಕ್ಕೆ ಬೇರೆ, ಮುಂದಕ್ಕೆ ಬೇರೆ ಟೈರು ಹಾಕಿದ್ದು ಒಳ್ಳೆ ಕೆಲ್ಸ ಅಣ್ಣ. ನಾನೂ ಹಂಗೇ ಮಾಡ್ತೀನಿ.

ಬೆಟ್ಟದ ಮೆಟ್ಟಿಲು:

ನಾನು ಮೊದಲು ಬರೆದದ್ದನ್ನ ಅರ್ಧ ವಾಪಸ್ ತಗೊಳ್ತೀನಿ. ಫೋರ್ಕಿನ ಭಯ ಇನ್ನೂ ಹೋಗಿಲ್ಲ, ಆದರೆ ಬಟ್ಟೆ ಒರೆಸಿ ನೋಡೋದು ಅಂತ ಒಂದು ದಾರಿ ಗೊತ್ತಾಯಿತು. ನನ್ನದೂ ರಿಮ್ ಬ್ರೇಕೇ. ಯಾರಾದರೂ ಜೊತೆ ಕರ್ಕೊಂಡು ಹೋದರೆ ಬರ್ತೀನಿ.

ಬೆಳಗಿನ ಜಾವ:

ಬನ್ನಿ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಶ್ರೀರಂಗಪಟ್ಟಣ ರೈಲ್ವೆ ಸ್ಟೇಷನ್ ಮುಂದೆ ಸೇರೋಣ. ಕರಿಘಟ್ಟದ ದಾರಿ, ನಾಲೆ ಅಂಚು ಇಲ್ಲ. ಎರಡು ಟ್ಯೂಬು, ನೀರು, ಹೆಲ್ಮೆಟ್ ಕಡ್ಡಾಯ. ಮೇಷ್ಟ್ರೇ, ನೀವೂ ಬರಬೇಕು.

ಸೈಕಲ್ ಮೇಷ್ಟ್ರು:

ಬರ್ತೀನಮ್ಮ. ಅಟ್ಲಾಸ್‌ನಲ್ಲಿ ಬರ್ತೀನಿ, ಟೈರು ಹೊಸದು ಹಾಕಿಸ್ತಿದ್ದೀನಿ.

ಸ್ಪೋಕ್ ಕಟ್ಟುವವನು:

ಅಂಗಡಿ ಬಾಗಿಲು ಹತ್ತಕ್ಕೆ ತೆಗೆಯೋದು, ಅಷ್ಟರಲ್ಲಿ ವಾಪಸ್ ಬರೋದಾದರೆ ನಾನೂ ಇದ್ದೀನಿ. ನಿಂತು ತುಂಬೋ ದೊಡ್ಡ ಪಂಪು, ಗಾಳಿ ಅಳೆಯೋ ಗೇಜು ನಾನು ತರ್ತೀನಿ. ಹೊರಡೋ ಮುಂಚೆ ಎಲ್ಲರ ಚಕ್ರ ಒಮ್ಮೆ ನೋಡಿಬಿಡ್ತೀನಿ.